ಧ್ಯಾನಕ್ಕೆ ಕೂರುವುದು ಹೇಗೆ: ಆಸನವನ್ನು ಸೊಂಟದಿಂದ ಮೇಲಕ್ಕೆ ಕಟ್ಟುವ ಕ್ರಮ

ಧ್ಯಾನವನ್ನು ಉತ್ಸಾಹದಿಂದ ಆರಂಭಿಸಿ ಕೆಲವೇ ವಾರಗಳಲ್ಲಿ ಕೈಬಿಟ್ಟ ಬಹಳ ಮಂದಿ ಅದಕ್ಕೆ ಮನಸ್ಸಿನ ಚಂಚಲತೆಯೇ ಕಾರಣವೆಂದು ಹೇಳುತ್ತಾರೆ. ಆದರೆ ಅವರು ಕುಳಿತ ಬಗೆಯನ್ನು ಪಕ್ಕದಿಂದ ಗಮನಿಸಿದರೆ ಬೇರೆಯದೇ ಕಾರಣ ಕಾಣುತ್ತದೆ. ಕುಳಿತ ಐದಾರು ನಿಮಿಷಗಳಲ್ಲಿ ಬೆನ್ನು ಬಾಗಿರುತ್ತದೆ, ಹತ್ತು ನಿಮಿಷ ತುಂಬುವುದರೊಳಗೆ ಒಂದು ಪಾದ ಜೋಮು ಹಿಡಿದಿರುತ್ತದೆ, ಅಲ್ಲಿಂದಾಚೆಗೆ ಉಳಿದ ಸಮಯವೆಲ್ಲ ನೋವನ್ನು ಸಹಿಸುವುದರಲ್ಲಿಯೂ ಗಂಟೆ ಯಾವಾಗ ಹೊಡೆದೀತೆಂದು ಕಾಯುವುದರಲ್ಲಿಯೂ ಕಳೆದುಹೋಗುತ್ತದೆ. ಇಂಥವರಿಗೆ ಬೇಕಾಗಿರುವುದು ಹೆಚ್ಚಿನ ಮನೋಬಲವಲ್ಲ. ಬಹುತೇಕ ಸಂದರ್ಭಗಳಲ್ಲಿ ಅವರ ಪೃಷ್ಠದ ಕೆಳಗೆ ಇನ್ನೂ ನಾಲ್ಕು ಬೆರಳು ಎತ್ತರ ಬೇಕಾಗಿರುತ್ತದೆ. ಆ ಎತ್ತರವನ್ನು ಕಂಡುಕೊಳ್ಳುವುದು ಹೇಗೆ, ಅದರ ಮೇಲೆ ಉಳಿದ ಶರೀರವನ್ನು ಅಣಿಗೊಳಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬೆನ್ನು ಬಾಗುವುದೇಕೆ

ನೆಲದ ಮೇಲೆ ನೇರವಾಗಿ ಚಕ್ಕಳಮಕ್ಕಳ ಹಾಕಿ ಕುಳಿತಾಗ ತೊಡೆಗಳು ಸೊಂಟದ ಕೀಲಿನಲ್ಲಿ ಏಕಕಾಲದಲ್ಲಿ ಎರಡು ಬಗೆಯಲ್ಲಿ ಚಲಿಸಬೇಕಾಗುತ್ತದೆ: ಮೇಲಕ್ಕೆ ಮಡಚಿಕೊಳ್ಳಬೇಕು, ಜೊತೆಗೆ ಹೊರಕ್ಕೆ ತಿರುಗಿಕೊಳ್ಳಬೇಕು. ದಿನದ ಹೆಚ್ಚಿನ ಭಾಗವನ್ನು ಕುರ್ಚಿಯಲ್ಲಿ ಕಳೆಯುವವರಲ್ಲಿ ಪೃಷ್ಠದ ಹಾಗೂ ತೊಡೆಯ ಒಳಮಗ್ಗುಲಿನ ಸ್ನಾಯುಗಳು ಇಷ್ಟು ಚಲನೆಗೆ ಎಡೆಗೊಡುವುದಿಲ್ಲ. ಕೀಲಿನಲ್ಲಿ ದೊರೆಯದ ಚಲನೆಯನ್ನು ಶರೀರವು ಬೇರೆಡೆಯಿಂದ ಪಡೆದುಕೊಳ್ಳುತ್ತದೆ. ಸೊಂಟದ ಎಲುಬುಗೂಡು ಹಿಂದಕ್ಕೆ ಹೊರಳುತ್ತದೆ, ಕೆಳಬೆನ್ನಿನಲ್ಲಿ ಸಹಜವಾಗಿರುವ ಒಳಬಾಗು ಅಳಿಸಿಹೋಗುತ್ತದೆ, ಎದೆ ಕುಸಿಯುತ್ತದೆ, ಮತ್ತು ಕಣ್ಣುಗಳನ್ನು ಮುಂದಕ್ಕೆ ನೆಟ್ಟಿರಿಸುವ ಸಲುವಾಗಿ ಗಲ್ಲವು ಮುಂಚಾಚುತ್ತದೆ. ಅಡಿಪೀಠ ಹಿಂದಕ್ಕೆ ವಾಲಿರುವಾಗ ಅದರ ಮೇಲಿನ ಕಂಬವನ್ನು ಹಗ್ಗ ಕಟ್ಟಿ ಮುಂದಕ್ಕೆ ಎಳೆದು ನಿಲ್ಲಿಸುವಂತೆ, ಇಲ್ಲಿ ಬೆನ್ನಿನ ಸ್ನಾಯುಗಳು ಎಡೆಬಿಡದೆ ದುಡಿಯಬೇಕಾಗುತ್ತದೆ. ‘ಬೆನ್ನು ನೇರವಾಗಿಡಿ’ ಎಂಬ ಸೂಚನೆ ಇಂಥ ಸ್ಥಿತಿಯಲ್ಲಿ ಒಂದೆರಡು ನಿಮಿಷಕ್ಕಿಂತ ಹೆಚ್ಚು ಕಾಲ ನಡೆಯದಿರುವುದಕ್ಕೆ ಇದೇ ಕಾರಣ.

ಕೂರುವ ಪೀಠವನ್ನು ಎತ್ತರಿಸಿದಾಗ ಮೊಣಕಾಲುಗಳು ಸೊಂಟಕ್ಕಿಂತ ಕೆಳಗಿಳಿಯುತ್ತವೆ, ತೊಡೆಗಳು ಅಷ್ಟಾಗಿ ಮಡಚಿಕೊಳ್ಳಬೇಕಾಗಿಲ್ಲ, ಸೊಂಟವು ತನ್ನ ಪಾಡಿಗೆ ತುಸು ಮುಂದಕ್ಕೆ ಹೊರಳಬಲ್ಲುದು. ಬೆನ್ನು ಆಗ ಹೆಚ್ಚಿನ ಪ್ರಯತ್ನವಿಲ್ಲದೆ ಮೇಲೇಳುತ್ತದೆ.

ಪೀಠದ ಎತ್ತರವನ್ನು ಕಂಡುಕೊಳ್ಳುವುದು

ಮೊದಲು ಕೆಳಗೆ ದಪ್ಪನೆಯ ಜಮಖಾನವನ್ನೋ ಎರಡಾಗಿ ಮಡಚಿದ ಕಂಬಳಿಯನ್ನೋ ಹಾಸಿಕೊಳ್ಳಬೇಕು. ಇದು ಮೊಣಕಾಲು ಮತ್ತು ಪಾದದ ಗಂಟುಗಳಿಗಾಗಿ. ಬರಿ ನೆಲದ ಮೇಲೆ ಹತ್ತು ನಿಮಿಷ ಒತ್ತಿಕೊಂಡಿರುವ ಗಂಟು ಆಮೇಲೆ ಬೇರೆ ಯಾವುದರತ್ತಲೂ ಗಮನ ಹರಿಯಗೊಡುವುದಿಲ್ಲ. ಅದರ ಮೇಲೆ, ಹಿಂಬದಿಯಲ್ಲಿ, ಕೂರುವ ಪೀಠ ಬರುತ್ತದೆ. ಗಟ್ಟಿಯಾಗಿ ಮಡಚಿದ ಕಂಬಳಿಗಳು ಪ್ರಯೋಗಕ್ಕೆ ಎಲ್ಲಕ್ಕಿಂತ ಅನುಕೂಲ, ಏಕೆಂದರೆ ಅವುಗಳ ಎತ್ತರವನ್ನು ಒಂದೊಂದು ಮಡಿಕೆಯಷ್ಟೇ ಹೆಚ್ಚು ಕಡಿಮೆ ಮಾಡಬಹುದು. ಧ್ಯಾನಕ್ಕೆಂದೇ ಮಾರುವ ದುಂಡನೆಯ ದಿಂಬನ್ನು ಕೊಳ್ಳುವುದಾದರೂ ಸರಿಯಾದ ಎತ್ತರ ತಿಳಿದ ಮೇಲೆ ಕೊಳ್ಳುವುದು ಜಾಣತನ. ಮಲಗುವ ದಿಂಬು ಮತ್ತು ಮೆತ್ತನೆಯ ಸ್ಪಂಜು ಈ ಕೆಲಸಕ್ಕೆ ಸಲ್ಲವು. ಕುಳಿತ ತಕ್ಷಣ ಹಿತವೆನಿಸಿದರೂ ಕ್ರಮೇಣ ಒಂದು ಪಕ್ಕಕ್ಕೆ ಕುಸಿಯುತ್ತವೆ, ಆ ಓರೆಯನ್ನು ಸರಿದೂಗಿಸಲು ಬೆನ್ನು ಗೊತ್ತಿಲ್ಲದಂತೆಯೇ ತಿರುಚಿಕೊಳ್ಳುತ್ತದೆ. ಹಾಸಿಗೆಯ ಮೇಲೆ ಕೂರುವವರಿಗೂ ಇದೇ ತೊಂದರೆ.

ಎತ್ತರವನ್ನು ನಿರ್ಧರಿಸುವ ಮೊದಲು ‘ಕೂರುವ ಎಲುಬು’ಗಳ ಪರಿಚಯ ಮಾಡಿಕೊಳ್ಳಿ. ಗಟ್ಟಿಯಾದ ಕುರ್ಚಿಯ ಮೇಲೆ ಕುಳಿತು ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಪೃಷ್ಠದ ಕೆಳಗೆ ಇಟ್ಟುಕೊಂಡರೆ ಎಡಕ್ಕೊಂದು ಬಲಕ್ಕೊಂದು ಉಬ್ಬಿದ ಎಲುಬು ಬೆರಳುಗಳಿಗೆ ಒತ್ತುತ್ತದೆ. ಹಾಗೆಯೇ ನಿಧಾನವಾಗಿ ಸೊಂಟವನ್ನು ಹಿಂದಕ್ಕೆ ಮುಂದಕ್ಕೆ ಹೊರಳಿಸಿ ನೋಡಿ. ಹಿಂದಕ್ಕೆ ಹೊರಳಿಸಿದಾಗ ಭಾರವು ಬಾಲದೆಲುಬಿನತ್ತ ಸರಿಯುತ್ತದೆ, ಹೊಟ್ಟೆ ಒಳಕ್ಕೆ ಮಡಚಿಕೊಳ್ಳುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೆ ಏರುತ್ತದೆ. ಮುಂದಕ್ಕೆ ಹೊರಳಿಸಿದಾಗ ಭಾರವು ಆ ಎರಡು ಎಲುಬುಗಳ ತುದಿಯನ್ನು ದಾಟಿ ಅವುಗಳ ಮುಂಬದಿಗೆ ಬರುತ್ತದೆ, ಕೆಳಹೊಟ್ಟೆ ಬಿಡುಗಡೆಗೊಂಡಂತೆ ಮುಂದಕ್ಕೆ ಇಳಿಯುತ್ತದೆ, ಉಸಿರು ತಾನಾಗಿಯೇ ಕೆಳಗಿಳಿಯುತ್ತದೆ. ಈ ಎರಡರ ನಡುವೆ, ಎಲುಬಿನ ತುದಿಯಿಂದ ಕೂದಲೆಳೆಯಷ್ಟು ಮುಂದಕ್ಕೆ, ಬೆನ್ನನ್ನು ಹಿಡಿದಿಡಲು ಹೆಚ್ಚುಕಡಿಮೆ ಯಾವ ಬಲವೂ ಬೇಕಾಗದ ಒಂದು ನೆಲೆ ಸಿಗುತ್ತದೆ. ಅದನ್ನು ನಾಲ್ಕೈದು ಬಾರಿ ದಾಟಿ ಹೋಗಿ, ಮರಳಿ ಬಂದು, ಅದರ ಗುರುತು ಹಿಡಿಯಿರಿ. ಈ ಒಂದು ಅಭ್ಯಾಸಕ್ಕೆ ಇಡೀ ಒಂದು ದಿನದ ಅವಧಿಯನ್ನು ಮೀಸಲಿಟ್ಟರೂ ಅದು ದಂಡವಲ್ಲ.

ಇನ್ನು ನೆಲಕ್ಕೆ ಬಂದು, ಮಡಚಿದ ಕಂಬಳಿಯ ಮುಂಬದಿಯ ಅರ್ಧಭಾಗದ ಮೇಲಷ್ಟೇ ಕುಳಿತುಕೊಳ್ಳಿ. ತೊಡೆಗಳು ಕಂಬಳಿಯಾಚೆಗೆ ಇಳಿಬೀಳಬೇಕೇ ಹೊರತು ಅದರ ಮೇಲೆ ಚಾಚಿರಬಾರದು. ಸುಮಾರು 10 ಸೆಂಟಿಮೀಟರ್ ಎತ್ತರದಿಂದ ಆರಂಭಿಸಿ, ಕಾಲು ಮಡಚಿ, ಮೊದಲು ಗುರುತು ಹಿಡಿದ ಆ ನೆಲೆ ದೊರೆಯುತ್ತದೆಯೇ ಎಂದು ನೋಡಿ. ದೊರೆಯದಿದ್ದರೆ, ಅಥವಾ ಮೊಣಕಾಲುಗಳು ಸೊಂಟಕ್ಕಿಂತ ಮೇಲೆಯೇ ಉಳಿದರೆ, ಇನ್ನೊಂದು ಮಡಿಕೆ ಸೇರಿಸಿ. ಕೆಲವರಿಗೆ 15 ಸೆಂಟಿಮೀಟರ್ ಸಾಕಾಗುತ್ತದೆ, ಬಿಗಿಯಾದ ಸೊಂಟದವರಿಗೆ 20 ಸೆಂಟಿಮೀಟರ್ ಬೇಕಾಗಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎತ್ತರ ಹೆಚ್ಚಾದುದಕ್ಕೂ ಲಕ್ಷಣವುಂಟು: ಶರೀರ ಮುಂದಕ್ಕೆ ಜಾರಿದಂತೆನಿಸುತ್ತದೆ, ಕೆಳಬೆನ್ನು ಅತಿಯಾಗಿ ಒಳಕ್ಕೆ ಬಾಗಿ ಅಲ್ಲಿ ಹಿಂಡಿದಂತಹ ನೋವು ಕಾಣಿಸಿಕೊಳ್ಳುತ್ತದೆ. ಭಗವದ್ಗೀತೆಯ ಆರನೆಯ ಅಧ್ಯಾಯದ 11ನೆಯ ಶ್ಲೋಕವು ಆಸನವು ಅತಿ ಎತ್ತರವೂ ಆಗಿರಬಾರದು, ಅತಿ ತಗ್ಗೂ ಆಗಿರಬಾರದು ಎಂದಿರುವುದನ್ನು ಸೊಂಟದ ಈ ಲೆಕ್ಕಾಚಾರದೊಂದಿಗೆ ಇಟ್ಟು ಓದಿಕೊಂಡರೆ ಅದು ಬಹಳ ವ್ಯಾವಹಾರಿಕವಾದ ಸೂಚನೆಯಾಗಿ ತೋರುತ್ತದೆ.

ಕಾಲುಗಳನ್ನು ಇಡುವ ಬಗೆ

ಆರಂಭಿಕರಿಗೆ ನಾನು ಮೊದಲಿಗೆ ಸೂಚಿಸುವುದು ಎರಡೂ ಪಾದಗಳನ್ನು ನೆಲದ ಮೇಲೆಯೇ, ಒಂದರ ಮುಂದೊಂದು ಬರುವಂತೆ ಇಡುವ ಭಂಗಿಯನ್ನು. ಒಂದು ಹಿಮ್ಮಡಿಯನ್ನು ತೊಡೆಸಂದಿಯ ಸಮೀಪಕ್ಕೆ ಎಳೆದುಕೊಂಡು, ಇನ್ನೊಂದು ಕಾಲನ್ನು ಮಡಚಿ ಅದರ ಮುಂದಕ್ಕೆ, ಮೇಲೇರಿಸದೆ, ಮಲಗಿಸಬೇಕು. ಒಂದು ಕಾಲಿನ ಭಾರ ಇನ್ನೊಂದರ ಮೇಲೆ ಬೀಳದಿರುವುದರಿಂದ ಜೋಮು ಹಿಡಿಯುವುದು ಕಡಿಮೆ, ಮೊಣಕಾಲಿಗೆ ತಿರುಚುವಿಕೆಯೂ ಕಡಿಮೆ. ಸುಖಾಸನವೆಂದು ನಾವು ಸಾಮಾನ್ಯವಾಗಿ ಕರೆಯುವ, ಕಣಕಾಲುಗಳು ಒಂದನ್ನೊಂದು ಅಡ್ಡ ಹಾಯುವ ಭಂಗಿಯಲ್ಲಿ ಮೊಣಕಾಲುಗಳು ಮೇಲೆಯೇ ನಿಲ್ಲುವುದು ಹೆಚ್ಚು. ಹೆಸರಿನಲ್ಲಿರುವ ಸುಖ ಅರ್ಧ ಗಂಟೆಯ ಅವಧಿಯಲ್ಲಿ ಎಲ್ಲರಿಗೂ ದಕ್ಕುವುದಿಲ್ಲ. ಸಿದ್ಧಾಸನ ಮತ್ತು ಅರ್ಧಪದ್ಮಾಸನಗಳು ಸೊಂಟ ಸಡಿಲಗೊಂಡ ಮೇಲೆ ಕ್ರಮವಾಗಿ ಬರಬಹುದು.

ಪದ್ಮಾಸನದ ವಿಚಾರವನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಎರಡೂ ಪಾದಗಳು ಎದುರು ತೊಡೆಯ ಮೇಲೆ ಕೂರಬೇಕಾದರೆ ತೊಡೆಯೆಲುಬು ಸೊಂಟದ ಕುಳಿಯಲ್ಲಿ ಬಹಳಷ್ಟು ಹೊರತಿರುಗಬೇಕು. ಈ ಕುಳಿಯ ಆಳ ಮತ್ತು ದಿಕ್ಕು, ತೊಡೆಯೆಲುಬಿನ ಕತ್ತಿನ ಕೋನ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತವೆ. ಕೆಲವರಲ್ಲಿ ಎಲುಬಿಗೆ ಎಲುಬು ತಾಗಿಯೇ ಚಲನೆ ನಿಂತುಹೋಗುತ್ತದೆ, ಯಾವ ಅಭ್ಯಾಸವೂ ಅದನ್ನು ಬದಲಿಸಲಾರದು. ಸೊಂಟ ತಿರುಗದಿದ್ದರೂ ಕೈಯಿಂದ ಎಳೆದು ಪಾದವನ್ನು ಮೇಲಕ್ಕೇರಿಸಿದರೆ ಉಳಿದ ತಿರುವನ್ನು ಮೊಣಕಾಲು ಹೊರಬೇಕಾಗುತ್ತದೆ. ಮೊಣಕಾಲು ಮುಖ್ಯವಾಗಿ ಮಡಚುವ ಮತ್ತು ಚಾಚುವ ಕೀಲು. ಮಡಚಿದ ಸ್ಥಿತಿಯಲ್ಲಿ ಅಲ್ಪ ಪ್ರಮಾಣದ ತಿರುವನ್ನಷ್ಟೇ ಅದು ತಾಳಬಲ್ಲುದು. ಅದಕ್ಕಿಂತ ಹೆಚ್ಚಾದರೆ ಕೀಲಿನೊಳಗಿನ ಮೃದ್ವಸ್ಥಿಗೂ ಪಕ್ಕದ ಅಸ್ಥಿರಜ್ಜುಗಳಿಗೂ ಪೆಟ್ಟಾಗುತ್ತದೆ, ಆ ಪೆಟ್ಟು ಬೇಗ ಮಾಗುವಂಥದ್ದಲ್ಲ. ಬಂಡೆಯ ಮೇಲೆ ಪದ್ಮಾಸನ ಹಾಕಿ ಕುಳಿತವರ ಸುಂದರ ಛಾಯಾಚಿತ್ರಗಳು ಅರ್ಧ ನಿಮಿಷದಲ್ಲಿ ತೆಗೆದವು ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಯಾವ ಭಂಗಿಯನ್ನು ಆಯ್ದುಕೊಂಡರೂ ಕೊನೆಯಲ್ಲಿ ಪರೀಕ್ಷಿಸಬೇಕಾದುದು ಮೂರು ಆಧಾರಬಿಂದುಗಳನ್ನು: ಪೃಷ್ಠ ಮತ್ತು ಎರಡು ಮೊಣಕಾಲುಗಳು. ಈ ಮೂರೂ ಭದ್ರವಾಗಿ ಊರಿದ್ದರೆ ಶರೀರ ಅಲುಗುವುದಿಲ್ಲ. ಒಂದು ಮೊಣಕಾಲು ಗಾಳಿಯಲ್ಲಿ ನಿಂತಿದ್ದರೆ ಅದನ್ನು ಕೆಳಕ್ಕೆ ಒತ್ತಬಾರದು. ಅಂಗೈಯನ್ನು ಅದರಡಿ ತೂರಿಸಿ ಎಷ್ಟು ಎಡೆಯಿದೆಯೆಂದು ನೋಡಿ, ಅಷ್ಟೇ ದಪ್ಪಕ್ಕೆ ಒಂದು ಟವೆಲನ್ನು ಮಡಚಿ ಇಡಬೇಕು. ಹಾಗೆ ಇಟ್ಟ ಕೂಡಲೇ ತೊಡೆಯ ಒಳಮಗ್ಗುಲಿನ ಸ್ನಾಯು, ಅದುವರೆಗೆ ಕಾಲನ್ನು ಎತ್ತಿ ಹಿಡಿದಿತ್ತೆಂಬುದೇ ತಿಳಿಯದಿದ್ದದ್ದು, ಮೆಲ್ಲನೆ ಸಡಿಲಗೊಳ್ಳುವುದು ಅನುಭವಕ್ಕೆ ಬರುತ್ತದೆ. ಮೊಣಕಾಲಿನ ಹಿಂಬದಿಯಲ್ಲಿ ಬಟ್ಟೆ ಮುದ್ದೆಯಾಗಿ ಸಿಕ್ಕಿಕೊಂಡಿದ್ದರೆ ಅದನ್ನೂ ಎಳೆದು ಬಿಡಿಸಬೇಕು. ಬಿಗಿಯಾದ ಪ್ಯಾಂಟು ಮತ್ತು ಬೆಲ್ಟು ಧ್ಯಾನಕ್ಕೆ ಹೇಳಿಸಿದವಲ್ಲ.

ಬೆನ್ನು, ಕೈ, ತಲೆ

ಸೊಂಟ ಸರಿಯಾಗಿ ಕುಳಿತ ಬಳಿಕ ಮೇಲಿನ ಕೆಲಸ ಸ್ವಲ್ಪವೇ. ಶರೀರವನ್ನು ಎಡಕ್ಕೂ ಬಲಕ್ಕೂ ಮೊದಲು ಅಗಲವಾಗಿ, ಆಮೇಲೆ ಕಡಿಮೆ ಕಡಿಮೆ ಅಳತೆಯಲ್ಲಿ ತೂಗಿ ನಡುವಿಗೆ ತಂದು ನಿಲ್ಲಿಸಬೇಕು. ಅದೇ ರೀತಿ ಹಿಂದಕ್ಕೂ ಮುಂದಕ್ಕೂ. ಎರಡೂ ಪೃಷ್ಠಗಳ ಮೇಲೆ ಸಮನಾದ ಭಾರವಿದೆಯೆಂದು ಅನಿಸಿದಲ್ಲಿ ನಿಲ್ಲಬೇಕು. ಅನಂತರ ಉಸಿರನ್ನು ಒಳಕ್ಕೆ ಎಳೆಯುತ್ತಾ ನೆತ್ತಿಯ ಹಿಂಭಾಗವು ಮೇಲಕ್ಕೆ ಏಳುವಂತೆ ಬೆನ್ನನ್ನು ನೀಳವಾಗಿಸಿ, ಉಸಿರನ್ನು ಬಿಡುತ್ತಾ ಆ ನೀಳವನ್ನು ಕೆಡಿಸದೆ ಹೆಗಲು, ಪಕ್ಕೆಲುಬು, ಹೊಟ್ಟೆಗಳನ್ನು ಇಳಿಬಿಡಬೇಕು. ಬೆನ್ನು ಕಡ್ಡಿಯಂತೆ ಚಪ್ಪಟೆಯಾಗಬೇಕಾಗಿಲ್ಲ. ಕೆಳಬೆನ್ನು ಮತ್ತು ಕತ್ತಿನಲ್ಲಿ ಒಳಬಾಗು, ಮೇಲ್ಬೆನ್ನಿನಲ್ಲಿ ಹೊರಬಾಗು ಸಹಜವಾಗಿಯೇ ಇರುತ್ತವೆ, ಇರಬೇಕು. ಎದೆಯನ್ನು ಸಿಪಾಯಿಯಂತೆ ಸೆಟೆಸಿ ಕುಳಿತವರ ಬೆನ್ನು ಕೆಲವೇ ನಿಮಿಷಗಳಲ್ಲಿ ದಣಿಯುತ್ತದೆ. ಸೆಟೆದದ್ದು ಕುಸಿಯುವುದೂ ಬೇಗ. ಪತಂಜಲಿಯ ಯೋಗಸೂತ್ರಗಳ ಸಾಧನಪಾದದಲ್ಲಿ 46ನೆಯ ಸೂತ್ರವು ಆಸನದ ಸ್ಥೈರ್ಯ ಮತ್ತು ಸುಖಗಳನ್ನು ಹೇಳಿದ ಬೆನ್ನಿಗೇ 47ನೆಯದು ಪ್ರಯತ್ನವನ್ನು ಸಡಿಲಿಸುವ ಮಾತನ್ನು ಎತ್ತುವುದು ಈ ಕಾರಣಕ್ಕೆ ಗಮನಾರ್ಹ.

ಕೈಗಳ ವಿಚಾರವನ್ನು ಹೆಚ್ಚಿನವರು ಮುದ್ರೆಯ ಪ್ರಶ್ನೆಯೆಂದು ತಿಳಿಯುತ್ತಾರೆ, ಆದರೆ ಆಸನದ ದೃಷ್ಟಿಯಿಂದ ಅದು ಭಾರದ ಪ್ರಶ್ನೆ. ಕೈಗಳನ್ನು ಮೊಣಕಾಲಿನ ತುದಿಯವರೆಗೆ ಚಾಚಿ ಇಟ್ಟರೆ ಅವುಗಳ ತೂಕ ಹೆಗಲನ್ನು ಇಡೀ ಅವಧಿಯುದ್ದಕ್ಕೂ ಮುಂದಕ್ಕೆ ಜಗ್ಗುತ್ತಿರುತ್ತದೆ, ಎದೆಯೂ ಅದರ ಹಿಂದೆಯೇ ಕುಸಿಯುತ್ತದೆ. ತೋಳುಗಳು ಹೆಗಲಿನಿಂದ ನೇರ ಕೆಳಗಿಳಿದು ಮೊಣಕೈ ಮಡಚಿಕೊಂಡಾಗ ಅಂಗೈ ಎಲ್ಲಿ ಬೀಳುವುದೋ ತೊಡೆಯ ಆ ಭಾಗವೇ ಕೈಗೆ ತಕ್ಕ ಸ್ಥಳ. ಅಂಗೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಡುವವರು ಅವುಗಳ ಕೆಳಗೆ ಮಡಚಿದ ಶಾಲನ್ನು ಇಟ್ಟುಕೊಂಡರೆ ಹೆಗಲುಗಳಿಗೆ ಪೂರ್ತಿ ಬಿಡುವು ಸಿಗುತ್ತದೆ. ದೀರ್ಘಕಾಲ ಕೂರುವವರ ಮೇಲ್ಬೆನ್ನಿನ ಉರಿ ಅನೇಕ ವೇಳೆ ಇದೊಂದರಿಂದಲೇ ತಗ್ಗುತ್ತದೆ.

ವಯಸ್ಕರ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದು ಹೆಗಲುಗಳ ನೇರಕ್ಕೆ ಇದ್ದಷ್ಟು ಹೊತ್ತು ಕತ್ತಿನ ಸ್ನಾಯುಗಳಿಗೆ ಶ್ರಮ ಕಡಿಮೆ. ಮುಂದಕ್ಕೆ ಸರಿದಷ್ಟೂ ಅವು ಹೆಚ್ಚು ಎಳೆಯಬೇಕಾಗುತ್ತದೆ. ಪಕ್ಕದಿಂದ ನೋಡಿದಾಗ ಕಿವಿಯು ಹೆಗಲಿನ ಮೇಲೆ ಬರುವಂತೆ ತಲೆಯನ್ನು ಹಿಂದಕ್ಕೆ ಜಾರಿಸಿ, ಗಲ್ಲವನ್ನು ತುಸುವೇ ಒಳಕ್ಕೆ ಸೇದಿಕೊಳ್ಳಬೇಕು. ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರಬಾರದು, ನಾಲಿಗೆಯ ತುದಿ ಮೇಲ್ಹಲ್ಲುಗಳ ಹಿಂದೆ ಸುಮ್ಮನೆ ತಾಗಿರಲಿ. ಕಣ್ಣುಗಳನ್ನು ಮುಚ್ಚಬಹುದು, ನಿದ್ದೆ ಎಳೆಯುವವರು ಅರೆತೆರೆದು, ಒಂದು ಮೀಟರಿನಷ್ಟು ಮುಂದೆ ನೆಲದತ್ತ ನೋಟವನ್ನು ಇಳಿಬಿಟ್ಟರೆ ಆಯಿತು.

ಇವೆಲ್ಲ ಸರಿಯಾಗಿವೆಯೇ ಎಂಬುದನ್ನು ಕೇವಲ ಅನುಭವದಿಂದ ತೀರ್ಮಾನಿಸುವುದು ಆರಂಭದಲ್ಲಿ ಕಷ್ಟ. ವರ್ಷಗಟ್ಟಲೆ ಬಾಗಿ ಕುಳಿತ ಬೆನ್ನಿಗೆ ಬಾಗಿರುವುದೇ ನೇರವೆಂದು ಅನಿಸುತ್ತದೆ, ನಿಜವಾಗಿ ನೇರವಾದಾಗ ಹಿಂದಕ್ಕೆ ಬೀಳುತ್ತಿರುವಂತೆ ಭಾಸವಾಗುತ್ತದೆ. ಮೊಬೈಲನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ನಿಲ್ಲಿಸಿ ಒಂದು ಅವಧಿಯನ್ನು ಚಿತ್ರೀಕರಿಸಿ ನೋಡಿದರೆ ಸಾಕು. ಮೊದಲ ನಿಮಿಷದ ಚಿತ್ರಕ್ಕಿಂತ ಹದಿನೈದನೆಯ ನಿಮಿಷದ ಚಿತ್ರವೇ ಮುಖ್ಯ, ಏಕೆಂದರೆ ಕುಳಿತ ಕೂಡಲೇ ಎಲ್ಲರೂ ನೇರವಾಗಿಯೇ ಇರುತ್ತಾರೆ. ಮೊದಲು ಕುಸಿದದ್ದು ಸೊಂಟವೋ ಗಲ್ಲವೋ ಎಂಬುದನ್ನು ಗಮನಿಸಿ. ಸೊಂಟವಾದರೆ ಪೀಠ ಏರಬೇಕು, ಗಲ್ಲವಾದರೆ ಕೈಗಳ ಸ್ಥಾನವನ್ನು ಮತ್ತು ನಿದ್ದೆಯ ಕೊರತೆಯನ್ನು ಪರಿಶೀಲಿಸಬೇಕು.

ಜೋಮು ಮತ್ತು ನೋವು

ಕಾಲು ಜೋಮು ಹಿಡಿಯುವುದಕ್ಕೆ ರಕ್ತ ನಿಂತುಹೋದದ್ದೇ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. ಮುಖ್ಯ ಕಾರಣ ನರದ ಮೇಲಿನ ಒತ್ತಡ. ಮೊಣಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಸಣ್ಣ ಕಣಕಾಲೆಲುಬಿನ ಮೇಲ್ತುದಿಯನ್ನು ಬಳಸಿಕೊಂಡು ಹೋಗುವ ಒಂದು ನರವು ಚರ್ಮಕ್ಕೆ ಬಹಳ ಹತ್ತಿರದಲ್ಲಿದೆ. ಗಟ್ಟಿ ನೆಲವೋ ಇನ್ನೊಂದು ಕಾಲೋ ಅಲ್ಲಿ ಒತ್ತಿದರೆ ಪಾದ ಮರಗಟ್ಟುತ್ತದೆ. ಪೀಠದ ಗಡುಸಾದ ಅಂಚು ತೊಡೆಯ ಹಿಂಬದಿಯನ್ನು ಒತ್ತಿದಾಗಲೂ ಇದೇ ಪರಿಣಾಮ. ಆದ್ದರಿಂದ ಜೋಮು ಪದೇ ಪದೇ ಬರುವವರು ಒತ್ತುತ್ತಿರುವ ಜಾಗವನ್ನು ಹುಡುಕಬೇಕು: ಪೀಠದಲ್ಲಿ ಇನ್ನಷ್ಟು ಮುಂದಕ್ಕೆ ಸರಿಯಬೇಕು, ಕೆಳಹಾಸನ್ನು ದಪ್ಪಗೊಳಿಸಬೇಕು, ಪಾದವನ್ನು ಇನ್ನೊಂದು ಕಾಲಿನ ಕೆಳಗಿನಿಂದ ಹೊರತೆಗೆಯಬೇಕು. ಕಾಲು ಚಾಚಿದ ಕೆಲವೇ ನಿಮಿಷಗಳಲ್ಲಿ ಮಾಯವಾಗುವ ಜೋಮಿಗೆ ಹೆದರಬೇಕಾಗಿಲ್ಲ. ಎದ್ದ ಮೇಲೂ ಬಹಳ ಹೊತ್ತು ಉಳಿಯುವ ಮರಗಟ್ಟುವಿಕೆ, ಅಥವಾ ಪಾದವನ್ನು ಮೇಲಕ್ಕೆತ್ತಲು ಬಲ ಸಾಲದಿರುವುದು ಕಂಡುಬಂದರೆ ಆ ಭಂಗಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನೋವಿನ ಬಗ್ಗೆ ನನ್ನ ನಿಲುವು ಸರಳ. ತೊಡೆ, ಪೃಷ್ಠಗಳ ಸ್ನಾಯುವಿನಲ್ಲಿ ಹರಡಿಕೊಂಡಂತಿರುವ ಮಂದವಾದ ಎಳೆತವನ್ನು ಸ್ವಲ್ಪ ಕಾಲ ಗಮನಿಸುತ್ತಾ ಕೂರಬಹುದು. ಮೊಣಕಾಲಿನಲ್ಲಿ, ಅದರಲ್ಲೂ ಒಳಮಗ್ಗುಲಲ್ಲಿ, ಚುಚ್ಚಿದಂತಹ ನೋವು ಬಂದರೆ ಗಮನಿಸುತ್ತಾ ಕೂರಬಾರದು. ತಕ್ಷಣ ಕಾಲು ಬಿಡಿಸಬೇಕು. ನೋವನ್ನು ಸಹಿಸುವುದೇ ಸಾಧನೆಯೆಂದು ಬೋಧಿಸುವವರು ಇದ್ದಾರೆ, ಆದರೆ ಹರಿದ ಮೃದ್ವಸ್ಥಿಗೆ ಸಾಧನೆಯ ಪರಿವೆ ಇರುವುದಿಲ್ಲ.

ನೆಲದ ಮೇಲೆ ಕೂರಲಾಗದಿದ್ದರೆ

ಮೊಣಕಾಲು ಹೊರಕ್ಕೆ ತಿರುಗಲು ಒಪ್ಪದವರಿಗೆ ವಜ್ರಾಸನದ ಒಂದು ರೂಪ ಅನುಕೂಲವಾಗುತ್ತದೆ. ಹಿಮ್ಮಡಿಗಳ ಮೇಲೆ ಕೂರುವ ಬದಲು, ಸುಮಾರು 15ರಿಂದ 20 ಸೆಂಟಿಮೀಟರ್ ಎತ್ತರದ, ಮುಂದಕ್ಕೆ ತುಸು ಇಳಿಜಾರಾದ ಪುಟ್ಟ ಮರದ ಪೀಠದ ಕೆಳಗೆ ಕಾಲುಗಳನ್ನು ತೂರಿಸಿ ಅದರ ಮೇಲೆ ಕೂರಬೇಕು. ಶರೀರದ ಭಾರ ಹಿಮ್ಮಡಿಗೂ ಮೊಣಕಾಲಿಗೂ ಪೂರ್ತಿಯಾಗಿ ಬೀಳುವುದಿಲ್ಲ, ಸೊಂಟ ತಾನಾಗಿ ಮುಂದಕ್ಕೆ ಹೊರಳುತ್ತದೆ. ಪಾದದ ಮೇಲ್ಭಾಗ ನೋಯುವವರು ಕಣಕಾಲಿನ ಮುಂಬದಿಯ ಮಡಿಕೆಗೆ ಸುರುಳಿ ಸುತ್ತಿದ ಟವೆಲನ್ನು ಇಟ್ಟುಕೊಳ್ಳಬಹುದು.

ಕುರ್ಚಿಯನ್ನು ಕೀಳಾಗಿ ಕಾಣುವುದು ತಪ್ಪು. ಚಕ್ರಗಳಿಲ್ಲದ, ಗಟ್ಟಿ ಆಸನದ ಕುರ್ಚಿಯ ಮುಂಬದಿಯ ಅರ್ಧದಲ್ಲಿ ಕುಳಿತು, ಎರಡೂ ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಪೂರ್ತಿಯಾಗಿ ನೆಲಕ್ಕೆ ಊರಬೇಕು. ಪಾದ ನೆಲ ಮುಟ್ಟದಿದ್ದರೆ ಕೆಳಗೆ ಹಲಗೆ ಇಡಬೇಕು, ಮೊಣಕಾಲುಗಳು ಸೊಂಟಕ್ಕಿಂತ ಮೇಲಿದ್ದರೆ ಪೃಷ್ಠದ ಕೆಳಗೆ ಕಂಬಳಿ ಮಡಚಿ ಇಡಬೇಕು. ನೆಲದ ಮೇಲಿನ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ. ಬೆನ್ನಿಗೆ ಬಲವಿಲ್ಲದವರು ಹಿಂದಕ್ಕೆ ಸರಿದು ಕುಳಿತು ಕೆಳಬೆನ್ನಿನ ಒಳಬಾಗಿಗೆ ಮಾತ್ರ ಪುಟ್ಟ ದಿಂಬನ್ನು ಕೊಟ್ಟುಕೊಳ್ಳಬಹುದು. ಸೊಂಟದ ಅಥವಾ ಮೊಣಕಾಲಿನ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಿಕೊಂಡವರು, ಬೆನ್ನಿನ ಡಿಸ್ಕ್ ಸರಿದವರು, ಗರ್ಭಿಣಿಯರು ಯಾವ ಭಂಗಿಯಲ್ಲಿ ಕೂರಬಹುದೆಂದು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅವರಿಗೆ ಬಹುಮಟ್ಟಿಗೆ ಕುರ್ಚಿಯೇ ಸರಿಯಾದ ಆಯ್ಕೆಯಾಗಿರುತ್ತದೆ.

ಪೂರ್ವಸಿದ್ಧತೆ, ಅವಧಿ, ಏಳುವ ಕ್ರಮ

ಕೂರುವ ಮೊದಲು ಐದು ನಿಮಿಷ ಸೊಂಟವನ್ನು ಸಡಿಲಗೊಳಿಸಿಕೊಂಡರೆ ಅದರ ಪ್ರಯೋಜನ ಆ ದಿನವೇ ತಿಳಿಯುತ್ತದೆ. ಅಂಗಾತ ಮಲಗಿ, ಎರಡೂ ಮೊಣಕಾಲು ಮಡಚಿ, ಬಲ ಕಣಕಾಲನ್ನು ಎಡ ತೊಡೆಯ ಮೇಲಿಟ್ಟು ಎಡ ತೊಡೆಯನ್ನು ಎದೆಯತ್ತ ಮೆಲ್ಲನೆ ಸೆಳೆದುಕೊಳ್ಳುವ ಚಲನೆ ಬಲಪೃಷ್ಠದ ಬಿಗಿತವನ್ನು ನೇರವಾಗಿ ತಾಗುತ್ತದೆ. ಹತ್ತು ನಿಧಾನವಾದ ಉಸಿರುಗಳ ಕಾಲ ಹಾಗಿದ್ದು ಬದಿ ಬದಲಿಸಬೇಕು. ಅಂಗಾಲುಗಳನ್ನು ಜೋಡಿಸಿ ಕೂರುವ ಬದ್ಧಕೋನಾಸನವು ತೊಡೆಯ ಒಳಮಗ್ಗುಲಿಗೆ ಒದಗುತ್ತದೆ, ಮೊಣಕಾಲುಗಳನ್ನು ಪಟಪಟನೆ ಬಡಿಯದೆ ಸುಮ್ಮನೆ ಇಳಿಬಿಡುವುದಾದರೆ.

ಹೊಸ ಭಂಗಿಯಲ್ಲಿ ಮೊದಲ ವಾರ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಗಳು ಅಲುಗಾಟವಿಲ್ಲದೆ ಕಳೆಯತೊಡಗಿದ ಮೇಲೆ ಐದೈದು ನಿಮಿಷ ಹೆಚ್ಚಿಸುತ್ತಾ ಹೋಗಬಹುದು. ಅವಧಿಯ ನಡುವೆ ಕದಲಲೇಬೇಕಾದರೆ, ಎಲ್ಲಿ ಏನು ಒತ್ತುತ್ತಿದೆಯೆಂದು ಮೊದಲು ತಿಳಿದು, ಅದೊಂದನ್ನು ಮಾತ್ರ ನಿಧಾನವಾಗಿ ಸರಿಪಡಿಸಿ, ಉಳಿದ ಶರೀರವನ್ನು ಇದ್ದಂತೆಯೇ ಬಿಡುವುದು ಲೇಸು. ಕಾಲುಗಳನ್ನು ದಿನ ಬಿಟ್ಟು ದಿನ ಅದಲುಬದಲು ಮಾಡಬೇಕು, ಅಂದರೆ ಇಂದು ಮುಂದಿದ್ದ ಕಾಲು ನಾಳೆ ಹಿಂದಿರಬೇಕು. ಎಲ್ಲರಿಗೂ ಒಂದು ಬದಿ ಸುಲಭ, ಇನ್ನೊಂದು ಬದಿ ಪರಕೀಯವೆನಿಸುತ್ತದೆ, ಆ ಪರಕೀಯ ಬದಿಗೆ ಪೀಠ ಒಂದು ಮಡಿಕೆ ಹೆಚ್ಚು ಬೇಕಾದೀತು.

ಏಳುವಾಗ ಮೊದಲು ಎರಡೂ ಕೈಗಳಿಂದ ಮೊಣಕಾಲುಗಳನ್ನು ಎತ್ತಿ ಕೂಡಿಸಿ, ಆಮೇಲೆ ಒಂದೊಂದೇ ಕಾಲನ್ನು ಮುಂದಕ್ಕೆ ಚಾಚಿ, ಪಾದಗಳನ್ನು ಕೆಲವು ಸುತ್ತು ತಿರುಗಿಸಬೇಕು. ಪಾದದ ಸ್ಪರ್ಶಜ್ಞಾನ ಪೂರ್ತಿ ಮರಳುವವರೆಗೆ ನಿಲ್ಲಬಾರದು, ಏಕೆಂದರೆ ಮರಗಟ್ಟಿದ ಪಾದಕ್ಕೆ ನೆಲ ಎಲ್ಲಿದೆಯೆಂದು ತಿಳಿಯುವುದಿಲ್ಲ, ಗಂಟು ಉಳುಕುವುದೂ ಮುಗ್ಗರಿಸುವುದೂ ಆಗಲೇ. ಬೆರಳುಗಳನ್ನು ಮಡಚಿ ಬಿಡಿಸಲು ಸಾಧ್ಯವಾದ ಮೇಲೆ ಪಕ್ಕಕ್ಕೆ ಹೊರಳಿ, ಕೈ ಊರಿ, ಒಂದು ಮೊಣಕಾಲಿನ ಆಧಾರದಿಂದ ಮೇಲೇಳಬೇಕು. ಕಂಬಳಿಗಳನ್ನು ತೆಗೆದಿಡುವ ಮುನ್ನ ಎಷ್ಟು ಮಡಿಕೆಯ ಮೇಲೆ ಕುಳಿತಿದ್ದಿರಿ, ಯಾವ ಕಾಲು ಮುಂದಿತ್ತು ಎಂಬೆರಡು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮರುದಿನ ಪೀಠವನ್ನು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.